ಎಲ್ಲರೂ ಗೀಕ್ ಆದ ಮೇಲೆ ಗೀಕ್ ಸಿನಿಮಾ ಯಾವುದು?

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸದಲ್ಲಿದ್ದೇನೆ. ಕಾಲೇಜಿನಲ್ಲಿದ್ದಾಗ ಬಾಹ್ಯಾಕಾಶದ ಸಿನಿಮಾ, ಕಾಮಿಕ್ಸು ಅಂತ ತಲೆ ಕೆಡಿಸಿಕೊಂಡಿದ್ದಕ್ಕೆ ಹಾಸ್ಟೆಲಿನಲ್ಲಿ ಎಲ್ಲರೂ ನನ್ನನ್ನು ಗೀಕ್, ಅಂದರೆ ಒಂದೇ ವಿಷಯದ ಹುಚ್ಚು ಹಿಡಿಸಿಕೊಂಡ ಪ್ರಾಣಿ, ಅಂತ ಆಡಿಕೊಳ್ಳುತ್ತಿದ್ದರು. ಹಾಗೆ ಆಡಿಕೊಂಡವರ ಮಕ್ಕಳು ಈಗ ಐರನ್ ಮ್ಯಾನ್ ಟೀ ಶರ್ಟು ಹಾಕಿಕೊಂಡು ಓಡಾಡುತ್ತಿದ್ದಾರೆ. ‘ಅವೆಂಜರ್ಸ್: ಎಂಡ್‌ಗೇಮ್’ಗಿಂತ ದೊಡ್ಡ ಗೀಕ್ ಸಿನಿಮಾ ಇಲ್ಲ ಅನ್ನುವುದು ನನ್ನ ತಮ್ಮನ ವಾದ. ಊರಿಗೆ ಊರೇ ನೋಡಿದ ಸಿನಿಮಾ ಗೀಕ್ ಹೇಗಾಗುತ್ತದೆ ಅನ್ನುವುದು ನನ್ನದು. ಯಾರು ಸರಿ? ಈಗಲೂ ಗೀಕ್ ಸಿನಿಮಾ ಅಂತ ಒಂದು ಇದೆಯೇ?

ಉತ್ತರ: ಅಕ್ಕ-ತಮ್ಮನ ಜಗಳದಲ್ಲಿ ಮೂರನೆಯವರು ಬಾಯಿ ಹಾಕಬಾರದು. ಆದರೆ ನೀವಾಗಿಯೇ ಕೇಳಿದ್ದೀರಿ, ಹೇಳಿಬಿಡುತ್ತೇನೆ: ಇಬ್ಬರ ಅಳತೆಗೋಲೂ ತಪ್ಪು. ನಿಮ್ಮ ತಮ್ಮ ಪರದೆಯ ಮೇಲೆ ಏನಿದೆ ಅಂತ ನೋಡಿದ. ಕವಚ, ರಾಕೆಟ್ಟು, ಕಾಲಯಾನ ಕಂಡವು, ಗೀಕ್ ಅಂದುಬಿಟ್ಟ. ನೀವು ಟಿಕೆಟ್ ಕೌಂಟರಿನ ಕ್ಯೂ ನೋಡಿದಿರಿ. ಉದ್ದ ಇತ್ತು, ಅಲ್ಲ ಅಂದುಬಿಟ್ಟಿರಿ. ಸಿನಿಮಾ ಗೀಕ್ ಆಗುವುದು ಇವೆರಡರಿಂದಲೂ ಅಲ್ಲ.

ಆ ಪದದ ಹಳೆಯ ಕಥೆ ಗೊತ್ತಿರಬಹುದು. ಅಮೆರಿಕದ ಜಾತ್ರೆಗಳಲ್ಲಿ ಜೀವಂತ ಕೋಳಿಯ ತಲೆಯನ್ನು ಕಚ್ಚಿ ಹರಿದು ತೋರಿಸುವವನೊಬ್ಬ ಇರುತ್ತಿದ್ದ. ಅವನನ್ನು ಗೀಕ್ ಅನ್ನುತ್ತಿದ್ದರು. ಅಲ್ಲಿಂದ ಅದು ಶಾಲೆಯ ಬೈಗುಳವಾಯಿತು, ಕಂಪ್ಯೂಟರಿನಲ್ಲಿ ದುಡ್ಡು ಬರತೊಡಗಿದ ಮೇಲೆ ಬಿರುದಾಯಿತು. ನಮ್ಮಲ್ಲಿ ‘ಗೀಳು’ ಅಂತ ಒಂದು ಪದ ಇದೆ. ಎರಡಕ್ಕೂ ನಂಟೇನೂ ಇಲ್ಲ, ಕಿವಿಗೆ ಹತ್ತಿರ ಅಷ್ಟೆ. ಆದರೂ ನಾನು ‘ಗೀಕ್’ ಅನ್ನುವಲ್ಲೆಲ್ಲ ಮನಸ್ಸಿನಲ್ಲಿ ‘ಗೀಳು’ ಅಂದುಕೊಳ್ಳುತ್ತೇನೆ, ಲೆಕ್ಕ ತಕ್ಷಣ ಸರಿಹೋಗುತ್ತದೆ. ಎಲ್ಲರಿಗೂ ಇಷ್ಟವಾಗುವ ವಸ್ತುವಿನ ಮೇಲೂ ಒಬ್ಬನಿಗೆ ಗೀಳು ಹಿಡಿಯಬಹುದು. ಯಾರಿಗೂ ಬೇಡದ ವಸ್ತು ಮನೆ ತುಂಬ ಬಿದ್ದಿದ್ದರೂ ಮನೆಯವರಿಗೆ ಅದರ ಗೀಳಿಲ್ಲದೆ ಇರಬಹುದು.

ಕರಾವಳಿ, ಮಲೆನಾಡಿನ ಕಡೆಯವರಿಗೆ ಇದು ಬೇಗ ಅರ್ಥವಾಗುತ್ತದೆ. ತಾಳಮದ್ದಳೆಗೆ ಹೋಗುವವರನ್ನು ನೋಡಿ. ಯಕ್ಷಗಾನದ್ದೇ ಕಥೆ, ಆದರೆ ವೇಷವಿಲ್ಲ, ಕುಣಿತವಿಲ್ಲ, ಕುಳಿತಲ್ಲೇ ಮಾತು. ವಾಲಿ ಸಾಯುತ್ತಾನೆಂದು ಸಭೆಯಲ್ಲಿ ಪ್ರತಿಯೊಬ್ಬರಿಗೂ ಗೊತ್ತು. ಆದರೂ ರಾತ್ರಿಯಿಡೀ ಕೂರುತ್ತಾರೆ. ಯಾಕೆ? ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನನ್ನು ಈ ಸಲದ ವಾಲಿ ಯಾವ ಪಟ್ಟಿನಲ್ಲಿ ಹಿಡಿಯುತ್ತಾನೆ, ಆ ಪಟ್ಟನ್ನು ರಾಮ ಹೇಗೆ ಬಿಡಿಸಿಕೊಳ್ಳುತ್ತಾನೆ ಅಂತ ಕೇಳಲಿಕ್ಕೆ. ಅರ್ಥಧಾರಿ, ಅಂದರೆ ಪದ್ಯದ ಅರ್ಥವನ್ನು ಪಾತ್ರದ ಮಾತಾಗಿ ಹೇಳುವವನು, ಎಷ್ಟು ಬೇಕಾದರೂ ವಾದ ಬೆಳೆಸಬಹುದು, ಆದರೆ ಪ್ರಸಂಗದ ಪದ್ಯವನ್ನು ದಾಟುವಂತಿಲ್ಲ. ದಾಟಿದರೆ ಮುಂದಿನ ಸಾಲಿನ ಅಜ್ಜ ಕೆಮ್ಮುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥ ಕೇಳಲು ಊರೂರು ಸುತ್ತಿದವರು ನಮ್ಮ ನಾಡಿನ ಗಟ್ಟಿ ಗೀಕುಗಳು. ಒಂದು ಜಗತ್ತು, ಅದಕ್ಕೊಂದು ಕಟ್ಟಳೆ, ಆ ಕಟ್ಟಳೆಯನ್ನು ಮುರಿಯದೆ ಎಷ್ಟು ದೂರ ಹೋಗಬಹುದು ಎನ್ನುವ ಆಟ. ಸಿನಿಮಾದಲ್ಲೂ ನಾನು ಹುಡುಕುವುದು ಇದನ್ನೇ. ಯಾರೂ ಕೇಳದ ಹೋಮ್‌ವರ್ಕನ್ನು ಸಿನಿಮಾ ಮಾಡಿಕೊಂಡು ಬಂದಿದೆಯೇ? ಆ ಹೋಮ್‌ವರ್ಕ್ ಬರೀ ಅಲಂಕಾರವೋ, ಕಥೆಯ ದಿಕ್ಕನ್ನೇ ತಿರುಗಿಸುತ್ತದೋ?

1983ರ ‘ವಾರ್‌ಗೇಮ್ಸ್’ ತೆಗೆದುಕೊಳ್ಳಿ. ಹೊಸ ವಿಡಿಯೋ ಗೇಮ್ ಹುಡುಕುತ್ತ ಒಬ್ಬ ಹುಡುಗ ಮನೆಯ ಕಂಪ್ಯೂಟರಿನಿಂದ ಸಾಲಾಗಿ ಫೋನ್ ನಂಬರುಗಳಿಗೆ ಡಯಲ್ ಮಾಡುತ್ತ ಹೋಗುತ್ತಾನೆ. ಕೊನೆಗೆ ಸೇನೆಯ ಕ್ಷಿಪಣಿ ಕಂಪ್ಯೂಟರು ಸಿಗುತ್ತದೆ. ಕೇಳಲು ಕಾಗಕ್ಕ ಗುಬ್ಬಕ್ಕನ ಕಥೆ. ಆದರೆ ಬರೆದ ಲಾರೆನ್ಸ್ ಲಾಸ್ಕರ್ ಮತ್ತು ವಾಲ್ಟರ್ ಪಾರ್ಕ್ಸ್ ಸುಮ್ಮನೆ ಊಹಿಸಿ ಬರೆಯಲಿಲ್ಲ. ಅಮೆರಿಕದ ರಾಂಡ್ ಎಂಬ ಸಂಶೋಧನಾ ಸಂಸ್ಥೆಯ ಕಂಪ್ಯೂಟರ್ ಸುರಕ್ಷತಾ ತಜ್ಞ ವಿಲ್ಲಿಸ್ ವೇರ್ ಅವರ ಹತ್ತಿರ ಹೋಗಿ, ಇದು ನಿಜಕ್ಕೂ ಸಾಧ್ಯವೇ ಎಂದು ಕೇಳಿದರು. ರಜಾದಿನಗಳಲ್ಲಿ ಅಧಿಕಾರಿಗಳು ಮನೆಯಿಂದಲೇ ಕೆಲಸ ಮಾಡಲಿ ಎಂದು ಹೊರಗಿನ ಸಂಪರ್ಕ ಇಟ್ಟಿರುತ್ತಾರೆ, ಆ ನಂಬರು ಸಿಕ್ಕವನು ಒಳಗೆ ಬರಬಹುದು ಎಂದು ಅವರು ಹೇಳಿದರು. ಕಥೆ ನಿಂತಿರುವುದು ಆ ಒಂದು ಎಳೆಯ ಮೇಲೆ. ಸಿನಿಮಾ ಬಿಡುಗಡೆಯಾದ ಮರುದಿನವೇ ಅಮೆರಿಕದ ಅಧ್ಯಕ್ಷ ರೇಗನ್ ಅದನ್ನು ತಮ್ಮ ವಿಶ್ರಾಂತಿಧಾಮ ಕ್ಯಾಂಪ್ ಡೇವಿಡ್‌ನಲ್ಲಿ ನೋಡಿದರು. ಕೆಲವೇ ದಿನಗಳಲ್ಲಿ ಸೇನಾ ಮುಖ್ಯಸ್ಥ ಜನರಲ್ ವೆಸಿಯವರನ್ನು, ಹೀಗೆ ಆಗಲು ಸಾಧ್ಯವೇ ಎಂದು ಕೇಳಿದರು. ವಿಚಾರಿಸಿಕೊಂಡು ಬಂದ ವೆಸಿ, ನೀವಂದುಕೊಂಡದ್ದಕ್ಕಿಂತ ಪರಿಸ್ಥಿತಿ ಕೆಟ್ಟಿದೆ ಎಂದರು. 1984ರ ಸೆಪ್ಟೆಂಬರಿನಲ್ಲಿ ಸರ್ಕಾರಿ ಕಂಪ್ಯೂಟರುಗಳ ರಕ್ಷಣೆಗೆ ಅಧ್ಯಕ್ಷರ ಆದೇಶವೊಂದು ಹೊರಬಿತ್ತು. ಹೀಗೆ ಸಾಲಾಗಿ ಡಯಲ್ ಮಾಡುವ ತಂತ್ರಕ್ಕೆ ಹ್ಯಾಕರುಗಳು ಮುಂದೆ ‘ವಾರ್‌ಡಯಲಿಂಗ್’ ಎಂದರು, ಈ ಸಿನಿಮಾದ ಹೆಸರಿನಿಂದಲೇ. ಮತ್ತು ಇದು ಹಿಟ್ ಸಿನಿಮಾ, ಎಲ್ಲರೂ ನೋಡಿದ್ದು. ನಿಮ್ಮ ಕ್ಯೂ ಸಿದ್ಧಾಂತ ಇಲ್ಲಿಗೇ ಬಿತ್ತು, ಬೇಸರ ಬೇಡ.

ಅದೇ ಲಾಸ್ಕರ್, ಪಾರ್ಕ್ಸ್ ಜೋಡಿ 1992ರಲ್ಲಿ ‘ಸ್ನೀಕರ್ಸ್’ಗೂ ಬರೆಯಿತು. ಅದರಲ್ಲಿ ಒಬ್ಬ ಗಣಿತಜ್ಞ ಗುಪ್ತಲಿಪಿಯ ಬಗ್ಗೆ ಭಾಷಣ ಮಾಡುವ ದೃಶ್ಯ ಇದೆ, ಚಿಕ್ಕದು. ಯಾವ ನಿರ್ದೇಶಕನಾದರೂ ಬೋರ್ಡಿನ ಮೇಲೆ ನಾಲ್ಕು ಗ್ರೀಕ್ ಅಕ್ಷರ ಗೀಚಿಸಿ ಮುಂದೆ ಹೋಗುತ್ತಿದ್ದ. ಇವರು ಲೆನ್ ಏಡಲ್‌ಮನ್‌ಗೆ ಫೋನ್ ಮಾಡಿದರು. ಇವತ್ತಿಗೂ ಬಳಕೆಯಲ್ಲಿರುವ ಆರ್‌ಎಸ್‌ಎ ಗುಪ್ತಲಿಪಿಯ ಹೆಸರಿನಲ್ಲಿ ‘ಎ’ ಅಂದರೆ ಅವರೇ. ಆ ದೃಶ್ಯದ ಸ್ಲೈಡುಗಳನ್ನು ಅವರು ಸಿದ್ಧ ಮಾಡಿಕೊಟ್ಟರು. ಪ್ರತಿಯಾಗಿ ಕೇಳಿದ್ದು ಒಂದೇ: ತನ್ನ ಹೆಂಡತಿಗೆ ನಟ ರಾಬರ್ಟ್ ರೆಡ್‌ಫರ್ಡ್ ಅವರನ್ನು ಭೇಟಿ ಮಾಡಿಸಬೇಕು. ಆ ಗಣಿತ ಸರಿಯಿದೆಯೇ ಅಂತ ಥಿಯೇಟರಿನಲ್ಲಿ ಕೂತು ಪರೀಕ್ಷೆ ಮಾಡಬಲ್ಲವರು ಎಷ್ಟು ಜನ ಇದ್ದಾರು? ಆ ನಾಲ್ಕು ಜನಕ್ಕಾಗಿ ಇಷ್ಟೆಲ್ಲ ಒದ್ದಾಡುವುದಿದೆಯಲ್ಲ, ನನ್ನ ಲೆಕ್ಕದಲ್ಲಿ ಗೀಕ್ ಅಂದರೆ ಅದು.

2003ರ ‘ಮೇಟ್ರಿಕ್ಸ್ ರೀಲೋಡೆಡ್’ನಲ್ಲೂ ಹೀಗೇ. ನಾಯಕಿ ಟ್ರಿನಿಟಿ ವಿದ್ಯುತ್ ಕೇಂದ್ರದ ಕಂಪ್ಯೂಟರಿಗೆ ನುಗ್ಗುವಾಗ ಪರದೆಯ ಮೇಲೆ ಹಸಿರು ಅಕ್ಷರಗಳು ಕೆಲವು ಸೆಕೆಂಡು ಮಿಂಚಿ ಹೋಗುತ್ತವೆ. ಮೊದಲು ಎನ್‌ಮ್ಯಾಪ್ ಓಡಿಸುತ್ತಾಳೆ, ಯಾವ ಬಾಗಿಲು ತೆರೆದಿದೆ ಎಂದು ನೋಡುವ ನಿಜವಾದ ಸಾಧನ ಅದು. ಆಮೇಲೆ ದೂರದ ಕಂಪ್ಯೂಟರಿಗೆ ಭದ್ರವಾಗಿ ಸೇರಲು ಬಳಸುವ ಎಸ್‌ಎಸ್‌ಎಚ್ ಎಂಬ ಪ್ರೋಗ್ರಾಮಿನ ಹಳೆಯ ಆವೃತ್ತಿಯಲ್ಲಿ 2001ರಲ್ಲಿ ಪತ್ತೆಯಾಗಿದ್ದ ನಿಜವಾದ ಒಂದು ದೋಷವನ್ನು ಬಳಸಿಕೊಂಡು ಒಳಗೆ ಹೋಗುತ್ತಾಳೆ. ನೀವು ಟೆಸ್ಟಿಂಗ್‌ನವರು, ನಿಲ್ಲಿಸಿ ನಿಲ್ಲಿಸಿ ನೋಡಿ, ಖುಷಿಯಾಗುತ್ತದೆ. ಆ ಸಿನಿಮಾದ ಉಳಿದ ಭಾಗದ ಬಗ್ಗೆ ನನಗೆ ಅಷ್ಟು ಒಳ್ಳೆಯ ಮಾತಿಲ್ಲ. ಭಾಷಣ ಜಾಸ್ತಿಯಾಯಿತು.

ಈ ವಿಷಯದಲ್ಲಿ ನನಗೂ ಒಮ್ಮೆ ಮುಖಭಂಗವಾಗಿದೆ. 1994ರಲ್ಲಿ ‘ಜುರಾಸಿಕ್ ಪಾರ್ಕ್’ ನಮ್ಮಲ್ಲಿಗೆ ಬಂದಾಗ ಹಾಸ್ಟೆಲಿನವರೆಲ್ಲ ಗುಂಪು ಕಟ್ಟಿಕೊಂಡು ಹೋಗಿದ್ದೆವು. ಕೊನೆಯ ಭಾಗದಲ್ಲಿ ಆ ಹುಡುಗಿ ಲೆಕ್ಸ್ ಕಂಪ್ಯೂಟರಿನ ಮುಂದೆ ಕೂತು, ಇದು ಯೂನಿಕ್ಸ್, ನನಗೆ ಗೊತ್ತು ಅನ್ನುತ್ತಾಳೆ. ಯೂನಿಕ್ಸ್ ಅಂದರೆ ಕಂಪ್ಯೂಟರನ್ನು ನಡೆಸುವ ಒಂದು ಮೂಲ ವ್ಯವಸ್ಥೆ. ಪರದೆಯ ಮೇಲೆ ಮೂರು ಆಯಾಮದ ಬಣ್ಣಬಣ್ಣದ ಡಬ್ಬಿಗಳು. ಆಗಷ್ಟೇ ಯೂನಿಕ್ಸ್ ಕಲಿಯುತ್ತಿದ್ದ ನಾನು, ಕಪ್ಪು ಪರದೆ ಬಿಟ್ಟರೆ ಬೇರೆ ಕಂಡವನಲ್ಲ. ಇಡೀ ಸಾಲಿಗೆ ಕೇಳುವಂತೆ ನಕ್ಕೆ, ಎಲ್ಲ ಬೊಗಳೆ ಅಂದೆ. ಏಳೆಂಟು ವರ್ಷ ಕಳೆದು ಒಂದು ಪ್ರಯೋಗಾಲಯದ ಮೂಲೆಯಲ್ಲಿ ಸಿಲಿಕಾನ್ ಗ್ರಾಫಿಕ್ಸ್ ಕಂಪನಿಯ ಹಳೇ ಯಂತ್ರವೊಂದರ ಮೇಲೆ ಅವೇ ಡಬ್ಬಿಗಳು ಕಂಡವು. ಎಫ್‌ಎಸ್‌ಎನ್ ಎಂಬ ಹೆಸರಿನ, ಫೈಲುಗಳನ್ನು ಮೂರು ಆಯಾಮದಲ್ಲಿ ತೋರಿಸುವ ನಿಜವಾದ ಪ್ರೋಗ್ರಾಮು ಅದು, ಯೂನಿಕ್ಸಿನ ಮೇಲೇ ಓಡುತ್ತಿತ್ತು. ಹನ್ನೆರಡರ ಹುಡುಗಿಗೆ ಗೊತ್ತಿದ್ದದ್ದು ನನಗೆ ಗೊತ್ತಿರಲಿಲ್ಲ. ಗೀಕ್ ಅನ್ನಿಸಿಕೊಳ್ಳುವ ಆತುರ ಇದ್ದವರು ಹೀಗೆ ನಗುತ್ತಾರೆ, ನಿಜವಾದ ಗೀಳಿನವರು ಮನೆಗೆ ಹೋಗಿ ಹುಡುಕುತ್ತಾರೆ.

ಈಗ ನಿಮ್ಮ ತಮ್ಮನ ‘ಎಂಡ್‌ಗೇಮ್’ಗೆ ಬರೋಣ. 2008ರ ‘ಐರನ್ ಮ್ಯಾನ್’ನಿಂದ ಶುರುವಾದ ಸರಣಿಯಲ್ಲಿ 22ನೆಯದು, 2019ರಲ್ಲಿ ಬಂತು, ಗಳಿಕೆ ಹತ್ತಿರ ಹತ್ತಿರ 280 ಕೋಟಿ ಡಾಲರು. ಅದನ್ನು ಪೂರ್ತಿ ಸವಿಯಲು ಹಿಂದಿನ 21 ನೆನಪಿರಬೇಕು. ಇದು ಸಣ್ಣ ಮಾತಲ್ಲ, ತಮ್ಮನಿಗೆ ಇಷ್ಟು ಅಂಕ ಕೊಡಲೇಬೇಕು. ಆದರೆ ಆ ನೆನಪು ಎಂಥದ್ದು? ಹತ್ತು ವರ್ಷ ಸಂಜೆ ಧಾರಾವಾಹಿ ನೋಡಿದ ನಿಮ್ಮ ಅತ್ತೆಗೂ ಯಾರು ಯಾರ ಮಗ, ಯಾವ ಸರ ಯಾವ ಸಂಚಿಕೆಯಲ್ಲಿ ಕಳೆದಿತ್ತು ಎಲ್ಲ ಗೊತ್ತಿರುತ್ತದೆ. ಮನೆಯವರ ಸುದ್ದಿ ನೆನಪಿಟ್ಟ ಹಾಗೆ ಅದು. ಕಟ್ಟಳೆಯ ಪರೀಕ್ಷೆ ಬಂದಾಗ ‘ಎಂಡ್‌ಗೇಮ್’ ಜಾರುತ್ತದೆ. ಹಿಂದಿನ ಕಾಲಕ್ಕೆ ಹೋಗಿ ಏನೇ ಬದಲಾಯಿಸಿದರೂ ನಮ್ಮ ಇಂದು ಬದಲಾಗದು ಎಂದು ನಡುವೆ ಒಂದು ನಿಯಮ ಹೇಳುತ್ತಾರೆ. ಕೊನೆಯಲ್ಲಿ, ಹಿಂದಿನ ಕಾಲಕ್ಕೆ ಹೋಗಿ ಅಲ್ಲೇ ಉಳಿದ ವೀರ ಸ್ಟೀವ್ ರಾಜರ್ಸ್, ಅಂದರೆ ಕ್ಯಾಪ್ಟನ್ ಅಮೆರಿಕ, ಮುದುಕನಾಗಿ ಬೆಂಚಿನ ಮೇಲೆ ಕೂತಿರುತ್ತಾನೆ. ಅವನು ಇದೇ ಕಾಲರೇಖೆಯಲ್ಲಿ ಗುಟ್ಟಾಗಿ ಬದುಕಿದನೋ, ಬೇರೆ ಕವಲಿನಲ್ಲಿ ಬದುಕಿ ಇಲ್ಲಿಗೆ ಬಂದನೋ? ಚಿತ್ರಕಥೆ ಬರೆದ ಮಾರ್ಕಸ್, ಮ್ಯಾಕ್‌ಫೀಲಿ ಒಂದು ಹೇಳಿದರು, ನಿರ್ದೇಶಿಸಿದ ರೂಸೋ ಸಹೋದರರು ಇನ್ನೊಂದು ಹೇಳಿದರು. ಸಿನಿಮಾ ಮಾಡಿದವರಲ್ಲೇ ಒಮ್ಮತವಿಲ್ಲ, ಆದರೂ ನೋಡುವವರ ಕಣ್ಣೀರಿಗೆ ಅದರಿಂದ ಏನೂ ಕೊರತೆಯಾಗಲಿಲ್ಲ. ಅಂದರೆ ಆ ಸಿನಿಮಾಕ್ಕೆ ನಿಯಮ ಬೇಕಾಗಿದ್ದು ತಾತ್ಕಾಲಿಕವಾಗಿ, ಏಣಿ ಹತ್ತುವವರೆಗೆ. ಒಳ್ಳೆಯ ಸಿನಿಮಾ, ಗೀಕ್ ಸಿನಿಮಾ ಅಲ್ಲ.

ಇದಕ್ಕೆ ಎದುರಾಗಿ 2004ರ ‘ಪ್ರೈಮರ್’ ಇಟ್ಟು ನೋಡಿ. ಶೇನ್ ಕರೂತ್ ಎಂಬ ಗಣಿತ ಓದಿದ, ಸಾಫ್ಟ್‌ವೇರ್ ಕೆಲಸ ಬಿಟ್ಟು ಬಂದ ವ್ಯಕ್ತಿ ತಾನೇ ಬರೆದು, ನಟಿಸಿ, ನಿರ್ದೇಶಿಸಿ, ಸಂಕಲನ ಮಾಡಿ, ಸಂಗೀತವನ್ನೂ ಕೊಟ್ಟ ಸಿನಿಮಾ. ಖರ್ಚು ಸುಮಾರು 7,000 ಡಾಲರು. ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ದೊಡ್ಡ ಬಹುಮಾನ ಬಂತು. ಇಬ್ಬರು ಎಂಜಿನಿಯರುಗಳು ಗ್ಯಾರೇಜಿನಲ್ಲಿ ಇನ್ನೇನೋ ಮಾಡಲು ಹೋಗಿ ಕಾಲಯಂತ್ರ ಮಾಡಿಬಿಡುತ್ತಾರೆ. ಯಂತ್ರ ಅಂದರೆ ಒಬ್ಬ ಮನುಷ್ಯ ಮುದುಡಿ ಮಲಗುವಷ್ಟು ದೊಡ್ಡ ಒಂದು ಪೆಟ್ಟಿಗೆ. ನಿಯಮ ಒಂದೇ: ಆರು ಗಂಟೆ ಹಿಂದಕ್ಕೆ ಹೋಗಬೇಕಾದರೆ ಆರು ಗಂಟೆ ಪೆಟ್ಟಿಗೆಯೊಳಗೆ ಮಲಗಿರಬೇಕು. ಯಂತ್ರ ಚಾಲೂ ಆದ ಗಳಿಗೆಗಿಂತ ಹಿಂದೆ ಹೋಗುವಂತಿಲ್ಲ. ಈ ಬೀಜದಿಂದಲೇ ಎಲ್ಲ ಹುಟ್ಟುತ್ತದೆ. ಪೆಟ್ಟಿಗೆಯಿಂದ ಹೊರಬಂದವನು ಬೆಳಗಿನ ತನ್ನನ್ನೇ ಎದುರಾಗಬಾರದು, ಅದಕ್ಕೆ ದಿನವಿಡೀ ಹೋಟೆಲ್ ಕೋಣೆಯಲ್ಲಿ ಫೋನ್ ಕಿತ್ತು ಅಡಗಿರಬೇಕು. ನಂಬಿಕೆಯುಳ್ಳ ಇಬ್ಬರು ಗೆಳೆಯರಲ್ಲಿ ಒಬ್ಬ ಇನ್ನೊಬ್ಬನಿಗೆ ಹೇಳದೆ ಒಂದು ಪೆಟ್ಟಿಗೆಯನ್ನು ಮೊದಲೇ ಚಾಲೂ ಮಾಡಿಟ್ಟಿದ್ದರೆ ಏನಾಗುತ್ತದೆ? ಸ್ನೇಹ ಮುರಿಯುವುದು ಅಲ್ಲಿ, ಆ ನಿಯಮದ ಒಂದು ಸಂದಿಯಲ್ಲಿ. ಪಾತ್ರಗಳು ಎಂಜಿನಿಯರುಗಳು ತಮ್ಮತಮ್ಮಲ್ಲಿ ಮಾತಾಡಿದ ಹಾಗೇ ಮಾತಾಡುತ್ತವೆ, ಅರ್ಧ ವಾಕ್ಯದಲ್ಲಿ, ಒಬ್ಬರ ಮೇಲೊಬ್ಬರು. ನಮಗೋಸ್ಕರ ಯಾರೂ ನಿಂತು ವಿವರಿಸುವುದಿಲ್ಲ. ಎಕ್ಸ್‌ಕೆಸಿಡಿ ಎಂಬ ವ್ಯಂಗ್ಯಚಿತ್ರ ಮಾಲಿಕೆಯಲ್ಲಿ ಸಿನಿಮಾಗಳ ಪಾತ್ರಗಳು ಎಲ್ಲಿ ಕೂಡುತ್ತವೆ, ಎಲ್ಲಿ ಅಗಲುತ್ತವೆ ಎಂದು ಗೆರೆಗಳಲ್ಲಿ ಬರೆದು ತೋರಿಸಿದ ಒಂದು ನಕ್ಷೆ ಇದೆ. ಒಂದೇ ಕೋಣೆಯಲ್ಲಿ ಹನ್ನೆರಡು ಮಂದಿ ಕೂತು ವಾದಿಸುವ ಹಳೆಯ ಸಿನಿಮಾಕ್ಕೆ ಹನ್ನೆರಡು ನೆಟ್ಟಗಿನ ಗೆರೆಗಳು. ‘ಪ್ರೈಮರ್’ಗೆ ಬೆಕ್ಕು ಆಡಿದ ನೂಲಿನುಂಡೆ.

ಹಾಗಂತ ಕಡಿಮೆ ದುಡ್ಡು, ಅರ್ಥವಾಗದ ಮಾತು ಇದ್ದರೆ ಗೀಕ್ ಅಂದುಕೊಳ್ಳಬೇಡಿ. ‘ಇಂಟರ್‌ಸ್ಟೆಲ್ಲರ್’ 2014ರಲ್ಲಿ ಮನೆಮಂದಿಯೆಲ್ಲ ನೋಡಿದ ದೊಡ್ಡ ಸಿನಿಮಾ. ಕಪ್ಪುಕುಳಿಯ ಪಕ್ಕದ ನೀರಿನ ಗ್ರಹದಲ್ಲಿ ಒಂದು ಗಂಟೆ ಕಳೆದರೆ ಭೂಮಿಯ ಮೇಲೆ ಏಳು ವರ್ಷ ಆಗಬೇಕು ಎಂದು ನಿರ್ದೇಶಕ ನೋಲನ್ ಹಟ ಹಿಡಿದರು. ಭೌತವಿಜ್ಞಾನಿ ಕಿಪ್ ಥಾರ್ನ್ ಮೊದಲು ಆಗದು ಅಂದವರು, ರಾತ್ರಿ ಕೂತು ಲೆಕ್ಕ ಹಾಕಿ, ಕಪ್ಪುಕುಳಿ ಸಾಧ್ಯವಾದಷ್ಟು ಗರಿಷ್ಠ ವೇಗಕ್ಕೆ ತೀರ ಸಮೀಪದಲ್ಲಿ ತಿರುಗುತ್ತಿದ್ದರೆ ಆದೀತು ಎಂದರು. ಮಗಳು ಮುದುಕಿಯಾಗುವ, ಅಪ್ಪ ಹಾಗೇ ಉಳಿಯುವ ಅಳುವಿನ ಬೇರು ಈ ಲೆಕ್ಕದಲ್ಲಿದೆ. ಕಪ್ಪುಕುಳಿಯ ಸುತ್ತ ಬೆಳಕು ಬಾಗುವುದನ್ನು ಥಾರ್ನ್ ಕೊಟ್ಟ ಸಮೀಕರಣಗಳಿಂದಲೇ ಲಂಡನ್ನಿನ ಡಬಲ್ ನೆಗೆಟಿವ್ ಎಂಬ ಗ್ರಾಫಿಕ್ಸ್ ಕಂಪನಿ ಚಿತ್ರಿಸಿತು. ಆ ಕೆಲಸ 2015ರಲ್ಲಿ ಭೌತವಿಜ್ಞಾನದ ಪತ್ರಿಕೆಯೊಂದರಲ್ಲಿ ಸಂಶೋಧನಾ ಪ್ರಬಂಧವಾಗಿಯೇ ಬಂತು. ಸ್ವಾರಸ್ಯ ಇರುವುದು ಬಿಟ್ಟದ್ದರಲ್ಲಿ. ಲೆಕ್ಕದ ಪ್ರಕಾರ ಸುತ್ತುವ ಅನಿಲದ ಒಂದು ಪಕ್ಕ ಹೆಚ್ಚು ಬೆಳಗಬೇಕು, ಇನ್ನೊಂದು ಮಂಕಾಗಬೇಕು. ಜನ ಗೊಂದಲಗೊಳ್ಳುತ್ತಾರೆಂದು ಅದನ್ನು ಸಿನಿಮಾದಲ್ಲಿ ಕೈಬಿಟ್ಟರು, ಆದರೆ ಬಿಟ್ಟೆವೆಂದು ಪ್ರಬಂಧದಲ್ಲಿ ಚಿತ್ರಸಮೇತ ಒಪ್ಪಿಕೊಂಡರು. 2019ರಲ್ಲಿ ಕಪ್ಪುಕುಳಿಯ ಮೊದಲ ನಿಜಚಿತ್ರ ಬಂದಾಗ ನೋಡಿರುತ್ತೀರಿ, ಉಂಗುರದ ಒಂದು ಪಕ್ಕ ಹೆಚ್ಚು ಹೊಳೆಯುತ್ತಿತ್ತು.

ಗೀಕ್ ಸಂಸ್ಕೃತಿ ಎಲ್ಲರದ್ದೂ ಆದಾಗ ನಿಜಕ್ಕೂ ಬದಲಾದದ್ದೇನು ಅಂತ ಕೇಳಿದರೆ, ತಿಳಿವಿನ ಜಾಗಕ್ಕೆ ಗುರುತು ಹಿಡಿಯುವುದು ಬಂದು ಕೂತಿತು ಅನ್ನುತ್ತೇನೆ. ಸ್ಪೀಲ್‌ಬರ್ಗ್‌ರ ‘ರೆಡಿ ಪ್ಲೇಯರ್ ಒನ್’ 2018ರದ್ದು. ಪ್ರತಿ ಫ್ರೇಮಿನಲ್ಲೂ ಹಳೆಯ ಸಿನಿಮಾದ ಕಾರು, ಗೇಮಿನ ಪಾತ್ರ, ಒಂದು ಕಡೆ ಕಿಂಗ್ ಕಾಂಗ್. ಓ, ಅದು ಇಂಥದ್ದು ಅಂತ ಬೆರಳು ತೋರಿಸುತ್ತ ಎರಡು ಗಂಟೆಗೂ ಹೆಚ್ಚು ಹೊತ್ತು ಕಳೆಯಬಹುದು. ಮದುವೆ ಮನೆಯಲ್ಲಿ ಪರಿಚಿತ ಮುಖ ಕಂಡಾಗಿನ ಸಂತೋಷ ಅದು. ಅಲ್ಲಿನ ಕಾರಿನ ಬದಲು ಇನ್ನೊಂದು ಕಾರು ಇಟ್ಟಿದ್ದರೆ ಕಥೆಗೆ ಏನಾಗುತ್ತಿತ್ತು? ಏನೂ ಇಲ್ಲ. 1999ರ ‘ಗ್ಯಾಲಕ್ಸಿ ಕ್ವೆಸ್ಟ್’ ಇದೇ ಸರಕನ್ನು ಬೇರೆ ರೀತಿ ಬಳಸಿತು. ಹಳೆಯ ಟಿವಿ ಧಾರಾವಾಹಿಯ ನಟರನ್ನು ಅನ್ಯಗ್ರಹದವರು ನಿಜವಾದ ವೀರರೆಂದು ನಂಬಿ ಎತ್ತಿಕೊಂಡು ಹೋಗುತ್ತಾರೆ. ಧಾರಾವಾಹಿ ನೋಡಿಯೇ ಕಟ್ಟಿದ ನಿಜವಾದ ನೌಕೆಯೂ ಅವರ ಬಳಿ ಇದೆ. ಆ ನೌಕೆಯ ಒಳದಾರಿ ನಟರಿಗೆ ಗೊತ್ತಿಲ್ಲ. ಗೊತ್ತಿರುವುದು ಭೂಮಿಯ ಮೇಲೆ ತನ್ನ ಕೋಣೆಯಲ್ಲಿ ಕೂತಿರುವ ಒಬ್ಬ ಅಭಿಮಾನಿ ಹುಡುಗನಿಗೆ, ಅವನ ಗೆಳೆಯರಿಗೆ. ಅವರ ಗೀಳು ಜೀವ ಉಳಿಸುತ್ತದೆ. ಸ್ಫೋಟದ ಗಡಿಯಾರ ಒಂದಕ್ಕೆ ಬಂದು ನಿಲ್ಲುತ್ತದೆ, ಯಾಕೆಂದರೆ ಧಾರಾವಾಹಿಯಲ್ಲಿ ಯಾವಾಗಲೂ ಅಲ್ಲೇ ನಿಲ್ಲುತ್ತಿತ್ತು. ಇಷ್ಟು ಚೆನ್ನಾಗಿ ನಗಿಸುತ್ತ, ಇಷ್ಟು ಶಿಸ್ತಾಗಿ ಕಟ್ಟಳೆ ಪಾಲಿಸಿದ ಇನ್ನೊಂದು ಸಿನಿಮಾ ನನಗೆ ನೆನಪಾಗುತ್ತಿಲ್ಲ.

ಒಂದು ಪೇಚಿನ ಪ್ರಶ್ನೆ ಉಳಿಯುತ್ತದೆ. ‘ಸ್ಟಾರ್ ವಾರ್ಸ್’ ಗೀಕ್ ಸಿನಿಮಾವೇ? 1977ರ ಆ ಸಿನಿಮಾ ಮಟ್ಟಿಗೆ ಹೇಳುವುದಾದರೆ ರಾಜಕುಮಾರಿ, ರಾಕ್ಷಸ, ಕತ್ತಿ ಇರುವ ಅಜ್ಜಿಕಥೆ, ನಮ್ಮ ‘ಚಂದಮಾಮ’ದಲ್ಲಿ ಬರಬಹುದಾಗಿದ್ದದ್ದು. ಹಾನ್ ಸೋಲೋ ತನ್ನ ನೌಕೆಯ ವೇಗ ಕೊಚ್ಚಿಕೊಳ್ಳುತ್ತ, ಕೆಸೆಲ್ ಓಟವನ್ನು ಹನ್ನೆರಡು ಪಾರ್ಸೆಕ್‌ಗಿಂತ ಕಡಿಮೆಯಲ್ಲಿ ಮುಗಿಸಿದ್ದು ಇದೇ ನೌಕೆ ಅನ್ನುತ್ತಾನೆ. ಪಾರ್ಸೆಕ್ ದೂರದ ಅಳತೆ, ಕಾಲದ್ದಲ್ಲ. ಒಂದು ಪಾರ್ಸೆಕ್ ಎಂದರೆ ಸುಮಾರು 3.26 ಜ್ಯೋತಿರ್ವರ್ಷ. ಅಭಿಮಾನಿಗಳು ಈ ಎಡವಟ್ಟನ್ನು ಬಿಡಲಿಲ್ಲ. ಅವನು ಅಪಾಯದ ಅಡ್ಡದಾರಿ ಹಿಡಿದು ದೂರವನ್ನೇ ಕಡಿಮೆ ಮಾಡಿರಬೇಕು ಎಂದು ವರ್ಷಗಟ್ಟಲೆ ಸಮಜಾಯಿಷಿ ಕಟ್ಟಿದರು. 2018ರ ‘ಸೋಲೋ’ದಲ್ಲಿ ಆ ಅಡ್ಡದಾರಿ ದೃಶ್ಯವಾಗಿಯೇ ಬಂತು. ಸಿನಿಮಾ ಗೀಕ್ ಆಗಿರಲಿಲ್ಲ, ನೋಡಿದವರು ಮಾಡಿದರು. ತಾಳಮದ್ದಳೆಯಲ್ಲಿ ಪದ್ಯ ಎರಡು ಸಾಲು, ಅರ್ಥ ಎರಡು ಗಂಟೆ. ಹಾಗೇ ಇದೂ.

ಕನ್ನಡದ ಬಗ್ಗೆ ನೀವು ಕೇಳಿಲ್ಲ, ಆದರೂ ಎರಡು ಮಾತು. ಉಪೇಂದ್ರರ ‘ಎ’ 1998ರಲ್ಲಿ ‘ಬುದ್ಧಿವಂತರಿಗೆ ಮಾತ್ರ’ ಎಂಬ ಅಡಿಬರಹ ಹೊತ್ತು ಬಂದು, ಹಿಂದುಮುಂದಾದ ಕಥೆಯನ್ನು ಜೋಡಿಸಿಕೊಳ್ಳುವ ಕೆಲಸವನ್ನು ಗಾಂಧಿ ಕ್ಲಾಸಿನವರಿಗೇ ವಹಿಸಿತು. ಅವರು ಮಾಡಿದರು, ಮತ್ತೆ ಮತ್ತೆ ಹೋಗಿ ಮಾಡಿದರು. 2013ರ ‘ಲೂಸಿಯಾ’ಕ್ಕೆ ಪವನ್ ಕುಮಾರ್ ಅಂತರ್ಜಾಲದಲ್ಲಿ ಕೇಳಿ, 27 ದಿನದಲ್ಲಿ 110 ಜನರಿಂದ ಸುಮಾರು 50 ಲಕ್ಷ ಕೂಡಿಸಿದರು. ಅದರಲ್ಲಿ ಒಂದು ಲೋಕ ಬಣ್ಣದಲ್ಲಿ, ಇನ್ನೊಂದು ಕಪ್ಪು-ಬಿಳುಪಿನಲ್ಲಿ. ಯಾವುದು ಕನಸು ಎಂದು ನೀವು ಮೊದಲ ಅರ್ಧ ಗಂಟೆಯಲ್ಲೇ ತೀರ್ಮಾನಿಸಿ ಕೂತಿರುತ್ತೀರಿ, ಸಿನಿಮಾ ಆಟ ಆಡುವುದು ಆ ತೀರ್ಮಾನದ ಮೇಲೆ.

ಜಗಳ ಇನ್ನೂ ಮುಂದುವರಿಯುವ ಲಕ್ಷಣ ಇದ್ದರೆ, ಒಂದು ಭಾನುವಾರ ಇಬ್ಬರೂ ಕೂತು ‘ಪ್ರೈಮರ್’ ನೋಡಿ. ಬರೀ 77 ನಿಮಿಷ. ಮೊದಲ ಸಲ ಏನೂ ಬರೆದುಕೊಳ್ಳಬೇಡಿ, ತಲೆ ಕೆಡಲಿ. ಊಟ ಮಾಡಿ ಎರಡನೇ ಸಲ ಹಾಕಿ, ಈ ಸಲ ಹಾಳೆ, ಪೆನ್ಸಿಲ್ ಇಟ್ಟುಕೊಳ್ಳಿ, ಪೆನ್ ಬೇಡ, ಅಳಿಸಬೇಕಾಗುತ್ತದೆ. ಮತ್ತೆ ಒಂದು ಸುಳಿವು ಮಾತ್ರ ಕೊಡುತ್ತೇನೆ: ಶುರುವಿನಲ್ಲಿ ಆ ಇಬ್ಬರು ಎಂಜಿನಿಯರುಗಳಲ್ಲಿ ಒಬ್ಬನಾದ ಏರನ್‌ನ ಮನೆಯ ಅಟ್ಟದಲ್ಲಿ ಏನೋ ಸದ್ದಾಗುತ್ತದೆ. ಇಲಿಯಿರಬೇಕು ಅಂತ ಸುಮ್ಮನಾಗಬೇಡಿ.